ಉಣ್ಣಿ ಕೀಳುವ ಕೈ

“ಏ ರಂಡೆ, ಕೆಚ್ಚಲಕ್ಕ ಕೈ ಹಚ್ಚಬ್ಯಾಡ! ಇನ್ನಾ ಹಾಲ ಹಿಂಡಿಲ್ಲ. ಎಷ್ಟ ಸಲ ಬೊಗಳಬೇಕ ಬೇ ನಿನಗ?”

ಪಾಂಡುರಂಗರಾಯರು ಬಾಗಿಲಲ್ಲೇ ನಿಂತು ಕೂಗಿದರು. ಆಕಳ ಹೊಟ್ಟೆಯ ಕೆಳಗಿಂದ ಕೈ ತೆಗೆದೆ. ಚೌಡಾಪುರ ದಾಟಿ ಗಾಣಗಾಪುರಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ ಅವರ ಗೋಶಾಲೆ. ಅಲ್ಲಿ ಆಕಳುಗಳ ಮೈಯಿಂದ ಉಣ್ಣಿ ಕೀಳುವುದು ನನ್ನ ಕೆಲಸ. ಔಷಧ ಹೊಡೆದರೆ ಹಾಲು ಕೆಡುತ್ತದಂತೆ, ಪುಣೆಯ ಗಿರಾಕಿಗಳು ಒಲ್ಲೆ ಎನ್ನುತ್ತಾರಂತೆ. ಹಾಗಾಗಿ ಬೆರಳಲ್ಲೇ ಕೀಳಬೇಕು. ರಕ್ತ ಕುಡಿದು ತೊಗರಿ ಕಾಳಿನಷ್ಟಾದ ಉಣ್ಣಿಗಳು ಗುಂಪುಗಟ್ಟಿ ಕೂರುವುದು ಕೆಚ್ಚಲಲ್ಲೇ. ಆದರೆ ಹಾಲು ಹಿಂಡುವ ಮುಂಚೆ ನಮ್ಮ ಕೈ ಅಲ್ಲಿಗೆ ಸೋಕಬಾರದು. ಹಿಂಡಿದ ಮೇಲೆ ನಾವು ಕೀಳಬೇಕು, ನಾವು ಕಿತ್ತ ಮೇಲೆ ರಾಯರ ಆಳು ಗೋಮೂತ್ರ ಎರಚಿ ಶುದ್ಧ ಮಾಡಬೇಕು. ಉಣ್ಣಿ ಬಾಯಿ ಇಟ್ಟರೆ ಮೈಲಿಗೆಯಿಲ್ಲ, ಈ ಮಾಣಿಕಮ್ಮ ನನ್ನ ಬೆರಳಿಟ್ಟರೆ ಉಂಟು. ಎಂಥಾ ಶಾಸ್ತ್ರವೋ ಏನೋ.

ಹೋದ ವರ್ಷ ಕೊಟ್ಟಿಗೆಯ ಮಣ್ಣಿನ ಗೋಡೆ ಕೆಡವಿ ಸಿಮೆಂಟು ಮೆತ್ತಿಸಿದರು, ನೆಲಕ್ಕೆ ಫರಸಿ ಕಲ್ಲು ಹಾಕಿಸಿದರು. ಮೊಟ್ಟೆ ಇಡಲು ಉಣ್ಣಿಗೆ ಬಿರುಕು ಬೇಕು. ಅಲ್ಲಿ ಬಿರುಕೇ ಉಳಿಯಲಿಲ್ಲ. ಕೊಟ್ಟಿಗೆಯ ಬೆನ್ನಿಗೇ ರಾಯರು ನಮಗೆ ಇರಲು ಕೊಟ್ಟ ಖೋಲಿ. ಮಣ್ಣಿನ ಗೋಡೆ, ಸುತ್ತ ಜಾಲಿಕಂಟಿ, ಪಕ್ಕದಲ್ಲೇ ತಿಪ್ಪೆ. ಬೇಸಿಗೆ ಶುರುವಾಗಿದ್ದೇ ತಡ, ಅವೆಲ್ಲ ನಮ್ಮ ಗೋಡೆ ಹತ್ತಿದವು. ನಮಗೂ ಒಂದಿಷ್ಟು ಸಿಮೆಂಟು ಕೊಡಿಸಿರೆಂದು ಕೇಳಿದ್ದಕ್ಕೆ ರಾಯರು ನಕ್ಕರು.

“ನಿಮಗ್ಯಾಕ ಬೇ ಸಿಮೆಂಟ? ನಿಮ್ಮದು ಎಮ್ಮಿ ಚರ್ಮ. ಕಚ್ಚಿದ ಉಣ್ಣಿನೇ ಹಲ್ಲ ಮುರಕೊಂಡ ಸಾಯ್ತದ.”

ಸಾಯಲಿಲ್ಲ. ಮೂರನೇ ಇಯತ್ತೆ ಓದುವ ನನ್ನ ಮಗಳು ಪಂಚಶೀಲಾಳ ಕಿವಿಯ ಹಿಂದೆ ಒಂದು ಕಚ್ಚಿ ಕೂತಿತ್ತು. ಆಕಳಿಗೆ ಮಾಡುವಂತೆಯೇ ಸುಣ್ಣ ತಂಬಾಕು ಹಚ್ಚಿ ಕಿತ್ತು, ಉಗುರಲ್ಲಿ ಕುಕ್ಕಿ ಒಲೆಗೆ ಎಸೆದೆ. ದಿನಾ ನೂರು ಕೀಳುವವಳಿಗೆ ಅದೇನು ದೊಡ್ಡದು? ವಾರದೊಳಗೆ ಜ್ವರ ಬಂತು. ಅಂಗೈ ಅಂಗಾಲಿನ ತುಂಬ ಕೆಂಪು ಚುಕ್ಕೆ ಎದ್ದವು. ಊರ ಡಾಕ್ಟರನ ಸೂಜಿಗೆ ಜ್ವರ ಜಗ್ಗಲಿಲ್ಲ. ಮಗಳು ನನ್ನ ಗುರುತೂ ಹಿಡಿಯದಾದಳು. ಆಂಬ್ಯುಲೆನ್ಸು ಬೇರೆ ಯಾರನ್ನೋ ಕರೆದುಕೊಂಡು ಜೇವರ್ಗಿ ಕಡೆ ಹೋಗಿತ್ತು. ನನ್ನ ಗಂಡ ಜಗದೇವ ಹೋಗಿ ರಾಯರ ಕಾಲಿಗೆ ಬಿದ್ದ.

“ಕಾರು ಕೊಡ್ತೇನಿ. ಖರೆ, ಕಿವಿ ತೆರದ ಕೇಳಲೇ. ದವಾಖಾನ್ಯಾಗ ಉಣ್ಣಿ ಗಿಣ್ಣಿ ಅಂದೀ ಅಂದ್ರ ನಾಳಿಗಿ ಸರ್ಕಾರದವರು ಬಂದು ಬೀಗ ಜಡಿತಾರ. ಆಮ್ಯಾಲ ನನ್ನ ಹಾಲ ಯಾವ ನಾಯಿ ಕುಡಿತದ? ಜಾಲಿಮುಳ್ಳ ಚುಚ್ಚೇದ ಅನ್ನು.”

“ಆತ್ರಿ ಧಣಿ,” ಎಂದ ಜಗದೇವ. ಇನ್ನೇನು ಅಂದಾನು?

ಕಾರು ನಡೆಸಿದವನು ರಾಯರ ಮಗ ಸುಧೀರ. ಕಲಬುರಗಿಯ ದವಾಖಾನೆಯಲ್ಲಿ ಒಬ್ಬರನ್ನೇ ಒಳಗೆ ಬಿಡುತ್ತೇವೆ ಎಂದರು. ಜಗದೇವ ಹೋದ, ತಡೆದವರಿಗೆ ಏನೋ ಹೇಳಿ ಸುಧೀರನೂ ಅವನ ಬೆನ್ನಿಗೇ ಹೋದ. ನಾನು ಹೊರಗೆ ಮೆಟ್ಟಿಲ ಮೇಲೆ ಕೂತೆ.

ಮಾರನೆಯ ದಿನ ಮಗಳ ಮೂಗಿನಿಂದ ರಕ್ತ ಬಂತು. ಜಗದೇವ ರಕ್ತದ ಬಾಟಲಿ ತರಲು ಓಡಿದ್ದರಿಂದ ನನ್ನನ್ನು ಒಳಗೆ ಕರೆದರು. ಡಾಕ್ಟರು ಬದರುನ್ನಿಸಾ ಎಂಬವರು. ನಿದ್ದೆಗೆಟ್ಟ ಮುಖ. ಸುಧೀರ ಬಾಗಿಲಿಗೆ ಒರಗಿ ಮೊಬೈಲು ಒತ್ತುತ್ತಿದ್ದ.

“ಅವ್ವಾ, ನಿನ್ನ ಗಂಡ ಮುಳ್ಳ ಅಂತ ಹೇಳಾಕತ್ತಾನ. ಮುಳ್ಳಿಗಿ ಹಿಂಗ ಆಗೂದಿಲ್ಲ. ಹುಳಾ ಏನರ ಕಚ್ಚೇದೇನು?”

“ಉಣ್ಣಿ ಕಚ್ಚೇದ್ರಿ.”

ಸುಧೀರ ತಲೆ ಎತ್ತಿದ. “ಏ ಮಾಣಿಕಿ! ಮೈಮ್ಯಾಲ ಖಬರ ಅದನೋ ಇಲ್ಲೋ? ಖೋಲಿ ನಮ್ದು. ನಾಳಿಗಿ ಎಲ್ಲಿ ಬೀಳ್ತಿ?”

“ನಿನ್ನ ಖೋಲಿಗಿ ಬೆಂಕಿ ಹಚ್ಚ! ಆಕಳ ಉಣ್ಣಿರಿ ಡಾಕ್ಟರಬಾಯಿ, ಇವರಪ್ಪನ ಗೋಶಾಲಾದ್ದು. ಗೋಡಿ ತುಂಬ ಅದಾವ್ರಿ. ಇಲ್ಲಿ ನೋಡ್ರಿ.”

ಮಗಳ ಕೂದಲು ಸರಿಸಿ ಕಿವಿಯ ಹಿಂದಿನ ಕರಿ ಹುಣ್ಣು ತೋರಿಸಿದೆ. ಡಾಕ್ಟರು ಬಗ್ಗಿ ನೋಡಿದರು, ನರ್ಸಿಗೆ ಬೇರೆ ಯಾವುದೋ ಔಷಧದ ಹೆಸರು ಕೂಗಿ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

“ನಿನ್ನ ಗಂಡಗ ನಿನ್ನೆನೇ ಬಿಡಿಸಿ ಬಿಡಿಸಿ ಕೇಳಿದ್ನಲ್ಲವ್ವಾ. ನಿನ್ನೆ ಹೇಳಿದ್ರ…”

ಸುಧೀರ ಫೋನು ಕಿವಿಗಿಟ್ಟುಕೊಂಡು ಹೊರಗೆ ನಡೆದ. “ಅಪ್ಪಾ, ಬೊಗಳಿಬಿಟ್ಟಳು. ಖೋಲಿ ಕೆಡವಾಕ ಜೆಸಿಬಿ ತರಸು” ಎಂದದ್ದು ಕೇಳಿಸಿತು.

ಜಗದೇವ ಬಾಟಲಿ ಎದೆಗವಚಿಕೊಂಡು ಬಂದ. ನನ್ನ ಮುಖ ನೋಡಿ ಅವನಿಗೆ ತಿಳಿದುಹೋಯಿತು.

“ಹೇಳಿದಿ?”

“ಹೇಳಿದ್ನಿ.”

ಅವನು ಬಯ್ಯಲಿಲ್ಲ. ಮಂಚದ ಕಾಲ್ದೆಸೆಗೆ ಹೋಗಿ ಮಗಳ ಪಾದ ಮುಟ್ಟಿದ.

“ತಣ್ಣಗ ಆಗ್ಯಾವಲ್ಲೇ,” ಎಂದ.

“ಜ್ವರ ಇಳದಿರಬೇಕು,” ಎಂದೆ.

ಡಾಕ್ಟರ ಮುಖ ನೋಡಿದೆ. ಅವರು ಹುಡುಗಿಯ ಮಣಿಕಟ್ಟು ಹಿಡಿದು ಇನ್ನೂ ನಾಡಿ ಹುಡುಕುತ್ತಿದ್ದರು.