ಸುಮಿತ್ರಮ್ಮನ ಜಗಲಿ

"ಚೆನ್ನಾಗೈತೆ ಕಣಮ್ಮ," ಎಂದರು ಸುಮಿತ್ರಮ್ಮ, ನಕ್ಷೆಯತ್ತ ಸರಿಯಾಗಿ ನೋಡುವ ಮೊದಲೇ.

ಶ್ರೀಜಾ ಪೆನ್ಸಿಲನ್ನು ತನ್ನ ಕಚೇರಿಯ ಮೇಜಿನ ಮೇಲಿಟ್ಟಳು. ಈ ದಂಪತಿಗಾಗಿ ಅವಳು ಬರೆದ ಮೂರನೆಯ ನಕ್ಷೆ ಇದು. ಹಾಲ್ ಮುಂದಿದ್ದಾಗಲೂ ಸುಮಿತ್ರಮ್ಮನಿಗೆ ಚೆನ್ನಾಗಿತ್ತು, ಹಿಂದಕ್ಕೆ ಸರಿದಾಗಲೂ ಚೆನ್ನಾಗಿತ್ತು. ಮೆಟ್ಟಿಲು ಒಳಗಿದ್ದರೂ ಸರಿ, ಹೊರಗಿದ್ದರೂ ಸರಿ. ಯಾರಾದರೂ ಏಳು ಎಂದರೆ ತಕ್ಷಣ ಏಳುವವರಂತೆ ಕುರ್ಚಿಯ ತುದಿಯಲ್ಲಿ ಕುಳಿತು, ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಅವರು ಎಲ್ಲಕ್ಕೂ ಒಪ್ಪುತ್ತಿದ್ದರು. ಅರಸೀಕೆರೆಯಲ್ಲಿ ಇಷ್ಟು ವರ್ಷ ಮನೆಗಳ ನಕ್ಷೆ ಬರೆದ ಶ್ರೀಜಾಳಿಗೆ ಜಗಳವಾಡುವವರು ಗೊತ್ತಿದ್ದರು, ವಾಸ್ತುವಿನವರ ಮಾತು ಕೇಳಿ ಬಂದು ಬಾಗಿಲು ತಿರುಗಿಸುವವರು ಗೊತ್ತಿದ್ದರು. ಎಲ್ಲಕ್ಕೂ ಹೂಂ ಅನ್ನುವವರಿಗೆ ಮನೆ ಕಟ್ಟುವುದು ಹೇಗೆಂದು ಮಾತ್ರ ಗೊತ್ತಿರಲಿಲ್ಲ.

"ಮನೇಲೂ ಹಿಂಗೇ ಮೇಡಂ," ಎಂದು ಪಕ್ಕದಲ್ಲಿ ಕುಳಿತಿದ್ದ ಕೃಷ್ಣಪ್ಪ ನಕ್ಕರು. "ನಾನು ಉಪ್ಪಿಟ್ಟು ಸೀಯಿಸಿದ್ರೂ ಚೆನ್ನಾಗೈತೆ ಅಂತಾಳೆ."

ಸುಮಿತ್ರಮ್ಮ ನಗಲಿಲ್ಲ. ಕೆಳಗೆ ಹೂವು ಮಾರುತ್ತಿದ್ದಾರೆ, ತರುತ್ತೇನೆ ಎಂದು ಎದ್ದು ಮೆಟ್ಟಿಲಿಳಿದು ಹೋದರು.

ಕೃಷ್ಣಪ್ಪ ರೈಲ್ವೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮೊದಲ ಹೆಂಡತಿ ಅನುಸೂಯಮ್ಮ ತೀರಿಕೊಂಡು ಕೆಲವು ವರ್ಷಗಳಾದ ಮೇಲೆ ಮಗಳು ಮೇಘಶ್ರೀಯೇ ಮುಂದೆ ನಿಂತು ಈ ಮದುವೆ ಮಾಡಿಸಿದ್ದಳು. ಅವಳು ಟೀಚರಾಗಿದ್ದ ಹಾರನಹಳ್ಳಿಯ ಶಾಲೆಯಲ್ಲಿ ಸುಮಿತ್ರಮ್ಮ ಬಿಸಿಯೂಟದ ಅಡುಗೆ ಮಾಡುತ್ತಿದ್ದರು. ಮೊದಲ ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದವರು, ಅಲ್ಲೇ ಐವತ್ತು ದಾಟಿದ್ದರು.

ಹೆಜ್ಜೆ ಸಪ್ಪಳ ದೂರವಾದ ಮೇಲೆ ಕೃಷ್ಣಪ್ಪ ಮುಂದಕ್ಕೆ ಬಾಗಿದರು. "ಒಂದು ಮಾತು ಹೇಳ್ತೀನಿ, ನಗಬೇಡಿ. ಮದ್ವೆಯಾಗಿ ಇಷ್ಟು ದಿನ ಆಯ್ತು. ಬೀರುನಲ್ಲಿ ಅರ್ಧ ಖಾಲಿ ಮಾಡ್ಕೊಟ್ಟೆ. ಅವಳ ಸೀರೆಗಳು ಇನ್ನೂ ತಂದ ಚೀಲದಲ್ಲೇ ಅವೆ. ಒಗೀತಾಳೆ, ಮಡಿಸ್ತಾಳೆ, ಮತ್ತೆ ಚೀಲಕ್ಕೇ ಹಾಕ್ತಾಳೆ. ಯಾವತ್ತು ಎದ್ದು ಹೊರಟೋಗ್ತಾಳೋ ಅಂತ ನಂಗೆ ಭಯ. ಮನೆ ಅಂತ ಒಂದು ಆದ್ರೆ ನಿಲ್ತಾಳೇನೋ."

ಶ್ರೀಜಾಳಿಗೆ ನಗು ಬರಲಿಲ್ಲ. ಅವರಿಬ್ಬರೂ ಹೊರಟ ಮೇಲೆ ನಕ್ಷೆಯನ್ನು ಸುತ್ತಿಟ್ಟು ಕಿಟಕಿಯ ಹತ್ತಿರ ನಿಂತಳು. ಕೆಳಗೆ ಕೊಬ್ಬರಿ ಮೂಟೆ ಹೊತ್ತ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು.

ಅವಳು ಬೇಲೂರಿನವಳು. ತಂದೆ ಗೋಪಾಲಸ್ವಾಮಿಯವರು ಅಲ್ಲಿನ ದೇವಸ್ಥಾನದ ಸೇವೆಯಲ್ಲಿದ್ದವರು. ಆ ಕಾರಣಕ್ಕೇ ಕಾಲೇಜಿನಲ್ಲಿ ಎಲ್ಲರೂ "ನಿನಗೇನಮ್ಮ, ಸ್ಫೂರ್ತಿ ಮನೆ ಬಾಗಿಲಲ್ಲೇ ಇದೆ" ಎನ್ನುತ್ತಿದ್ದರು. ಅವಳೂ ಅದನ್ನು ನಂಬಿ ಆ ಗುಡಿಯಂತೆ ನಕ್ಷತ್ರದಾಕಾರದ ಗ್ರಂಥಾಲಯವೊಂದರ ನಕ್ಷೆ ಬರೆದು ಬಹುಮಾನ ಪಡೆದಿದ್ದಳು. ಹಳೇಬೀಡಿನ ರಸ್ತೆಯಲ್ಲಿ ಅವಳು ಮೊದಲು ಕಟ್ಟಿಸಿದ ಕಲ್ಯಾಣ ಮಂಟಪಕ್ಕೆ ಬೇಲೂರಿನ ಕಡೆದ ಕಂಬಗಳಂಥವನ್ನೇ ಸಿಮೆಂಟಿನಲ್ಲಿ ಎರಕ ಹೊಯ್ಯಿಸಿದ್ದಳು. ಈಗ ಬಸ್ಸಿನಲ್ಲಿ ಆ ದಾರಿಯಾಗಿ ಹೋಗುವಾಗ ಮಂಟಪ ಬರುವ ಹೊತ್ತಿಗೆ ಆಚೆ ಬದಿಯ ಕಿಟಕಿಗೆ ಮುಖ ತಿರುಗಿಸಿಬಿಡುತ್ತಾಳೆ. ಕಂಬಗಳು ಕೆಟ್ಟದಾಗೇನೂ ಇಲ್ಲ. ಫೋಟೋ ತೆಗೆಸಿಕೊಳ್ಳುವವರಿಗೆ ಅವು ಬೇಕು. ಆದರೆ ಊಟದ ಪಂಕ್ತಿಗೆ ಕಾಯುತ್ತ ನಿಂತ ಮುದುಕಿಗೆ ಒರಗಲು ಅಲ್ಲಿ ಒಂದು ಗೋಡೆಯೂ ಸಿಗುವುದಿಲ್ಲ.

ವಾರದ ಮೇಲೆ ಹಾರನಹಳ್ಳಿಯ ಕಡೆ ಕೆಲಸವಿತ್ತು. "ಜೊತೆಗೆ ಬರ್ತೀರಾ?" ಎಂದು ಸುಮಿತ್ರಮ್ಮನನ್ನು ಕೇಳಿದಳು. ನಕ್ಷೆಯ ಮಾತೇ ಎತ್ತಲಿಲ್ಲ. ಅವರು ಒಪ್ಪಿ ಸ್ಕೂಟರಿನ ಹಿಂದೆ ಕುಳಿತು ಬಂದರು.

ಕೆಲಸ ಬೇಗ ಮುಗಿಯಿತು. "ಅಣ್ಣನವರ ಮನೆಗೆ ಹೋಗೋಣವಾ?" ಎಂದಳು ಶ್ರೀಜಾ.

"ಬ್ಯಾಡ. ಹೇಳದೆ ಕೇಳದೆ ಹೋದ್ರೆ ಅತ್ತಿಗೆ ಗಾಬರಿ ಆಯ್ತಾರೆ, ವಾಪಸ್ ಬಂದ್ಬಿಟ್ಳೇನೋ ಅಂತ." ಆಮೇಲೆ ತಾವೇ, "ದೇವಸ್ಥಾನಕ್ಕೆ ಹೋಗಾನ," ಎಂದರು.

ಊರಿನ ಹಳೆಯ ಗುಡಿ. ಮಧ್ಯಾಹ್ನವಾದ್ದರಿಂದ ಯಾರೂ ಇರಲಿಲ್ಲ. ಮುಂದಿನ ಮಂಟಪದ ಅಂಚಿಗೆ ಕಲ್ಲಿನ ಜಗಲಿ, ಅದರ ಹಿಂದೆ ಸ್ವಲ್ಪ ಹೊರಕ್ಕೆ ವಾಲಿದ ಒರಗುಗಲ್ಲು. ಶ್ರೀಜಾ ಅಭ್ಯಾಸದಂತೆ ಹೊರಗೋಡೆಯ ಕೆತ್ತನೆ ನೋಡುತ್ತ ಒಂದು ಸುತ್ತು ಬಂದಳು. ಬಂದು ನೋಡಿದರೆ ಸುಮಿತ್ರಮ್ಮ ಎರಡೂ ಕಾಲು ಮೇಲಕ್ಕೆ ಎಳೆದುಕೊಂಡು, ತಲೆಯನ್ನು ಕಲ್ಲಿಗೆ ಆನಿಸಿ, ಬಾಯಿ ತುಸು ತೆರೆದು ನಿದ್ದೆ ಹೋಗಿದ್ದರು.

ಎಬ್ಬಿಸಲು ಮನಸ್ಸಾಗಲಿಲ್ಲ. ಅವಳೂ ಪಕ್ಕದಲ್ಲಿ ಕುಳಿತು ಒರಗಿದಳು. ಕಲ್ಲಿನ ತಂಪು ರವಿಕೆಯ ಮೂಲಕ ಬೆನ್ನಿಗಿಳಿಯಿತು. ಥಟ್ಟನೆ ಎಳೆತನದ ಬೇಲೂರು ನೆನಪಾಯಿತು. ಬೇಸಗೆಯಲ್ಲಿ ಹೊರಗಿನ ಹಾಸುಗಲ್ಲು ಅಂಗಾಲು ಸುಡುತ್ತಿತ್ತು, ಅವಳು ಕುಣಿಯುತ್ತ ಓಡಿ ಒಳಗೆ ಬಂದು ಹೀಗೇ ಕಲ್ಲಿಗೆ ಬೆನ್ನು ಕೊಡುತ್ತಿದ್ದಳು. ಅಪ್ಪನ ಕೆಲಸ ಮುಗಿಯುವುದರೊಳಗೆ ನಿದ್ದೆ. ಅಪ್ಪ ಹೆಗಲಿಗೆ ಹಾಕಿಕೊಂಡು ಹೊರಟಾಗ ಅರೆಗಣ್ಣಿಗೆ ಕಂಬಗಳು ಹಿಂದಕ್ಕೆ ಸರಿಯುತ್ತಿದ್ದವು. ಜಗತ್ತೆಲ್ಲ ಬಂದು ನೋಡುವ ಶಿಲಾಬಾಲಿಕೆಯರನ್ನು ಆಗ ಅವಳು ತಲೆಯೆತ್ತಿ ನೋಡಿರಲೇ ಇಲ್ಲ. ಅವಳಿಗೆ ಗೊತ್ತಿದ್ದ ದೇವಸ್ಥಾನ ಬೆನ್ನಿಗೆ ಗೊತ್ತಿದ್ದದ್ದು. ಕಾಲೇಜಿಗೆ ಹೋಗಿ ಅದನ್ನೇ ಮರೆತು, ಪ್ರವಾಸಿಗಳ ಹಾಗೆ ಹೊರಗೋಡೆ ನೋಡಲು ಕಲಿತಿದ್ದಳು.

ಸುಮಿತ್ರಮ್ಮ ಎಚ್ಚರವಾಗಿ ಗಡಬಡಿಸಿ ಕಾಲು ಕೆಳಗಿಟ್ಟರು. "ಅಯ್ಯೋ, ಮಲಗ್ಬಿಟ್ನಾ? ಎಬ್ಬಿಸಬಾರ್ದಾ?"

"ಇಲ್ಲಿಗೆ ಬರ್ತಾ ಇದ್ರಾ ಮುಂಚೆ?"

"ದಿನಾ. ಶಾಲೆ ಪಾತ್ರೆ ತೊಳೆದಾಕಿ ಬತ್ತಿದ್ದೆ. ಮನೇಲಿ ನಂದು ಅಂತ ಒಂದು ಕಡೆ ಇರ್ನಿಲ್ಲ. ನೆಂಟ್ರು ಬಂದ್ರೆ ರಾಗಿ ಮೂಟೆ ಸಂದೀಲಿ, ಇಲ್ದಿದ್ರೆ ನಡುಮನೇಲಿ. ಯಾರೂ ಬಯ್ತಿರ್ನಿಲ್ಲ, ಸುಳ್ಳು ಹೇಳಬಾರ್ದು. ಆದ್ರೂ ಕುಂತ್ರೆ ಯಾರಿಗೋ ಅಡ್ಡ ಆಯ್ತಿದ್ದೀನಿ ಅನ್ಸೋದು." ಜಗಲಿಯ ಕಲ್ಲನ್ನು ಅಂಗೈಯಿಂದ ಒಮ್ಮೆ ಸವರಿದರು. "ಇದು ಯಾರ್ದೂ ಅಲ್ಲ ನೋಡು. ಅದ್ಕೇ ನಂದಾಗಿತ್ತು."

ಸುಮಿತ್ರಮ್ಮನೇ ಮುಂದುವರಿಸಿದರು. "ನಿಂಗೆ ನನ್ ಮೇಲೆ ಬೇಜಾರಾಗಿರ್ಬೋದು, ಏನೂ ಹೇಳಾಕಿಲ್ಲ ಅಂತ. ಏನ್ ಹೇಳ್ಲಿ ಕಣವ್ವ? ಆ ಸೈಟು ಅನುಸೂಯಕ್ಕ ಇದ್ದಾಗ ತಗಂಡಿದ್ದು. ಒಲೆ ಮುಂದೆ ಕಿಟಕಿ ಬರ್ಬೇಕು, ಹಿಂದೆ ತುಳಸಿ ಬರ್ಬೇಕು ಅಂತ ಆಯಮ್ಮ ಆಸೆ ಪಟ್ಟು ಹೋಗವ್ರೆ. ಇವ್ರು ಅದ್ನೆಲ್ಲ ನಿಂಗೆ ಹೇಳವ್ರೆ. ತಪ್ಪಲ್ಲ. ಅಲ್ಲಿ ಅತ್ತಿಗೆ ಮನೆ ಆಗಿತ್ತು, ಇಲ್ಲಿ ಅಕ್ಕನ ಮನೆ. ನಂಗೇನ್ ಹೊಸದಾ?"

"ಆ ಕಿಟಕಿ, ತುಳಸಿ ಎಲ್ಲಾ ತೆಗೆದುಬಿಡ್ಲಾ?"

"ಥೂ, ಬಿಡ್ತು ಅನ್ನು!" ಸುಮಿತ್ರಮ್ಮನ ದನಿ ಏರಿತು. ಮೂರು ನಕ್ಷೆಗಳಲ್ಲಿ ಅವರು ಬೇಡ ಅಂದದ್ದು ಅದೇ ಮೊದಲು. "ಆಯಮ್ಮಂದು ಇರ್ಲಿ. ಅದ್ರ ಪಕ್ಕಕ್ಕೆ..." ಎಂದು ನಿಲ್ಲಿಸಿ ಮಂಟಪದ ಆಚೆಗಿದ್ದ ತೆಂಗಿನ ತೋಟದ ಕಡೆ ನೋಡಿದರು. "ಹಿಂಗೊಂದು ಇದ್ರೆ ಸಾಕು. ಕಾಲು ನೀಡಂಗೆ."

ಆ ಸಂಜೆ ಶ್ರೀಜಾ ಹೊಸ ಹಾಳೆಯಲ್ಲಿ ಜಗಲಿಯೊಂದನ್ನೇ ಮೊದಲು ಬರೆದಳು. ಒಲೆ ಮುಂದಿನ ಕಿಟಕಿ ಇದ್ದಲ್ಲೇ ಇತ್ತು. ಅದರಾಚೆಗೆ, ತುಳಸಿಕಟ್ಟೆಗೆ ಎದುರಾಗಿ, ಮಧ್ಯಾಹ್ನದ ಬಿಸಿಲು ಬೀಳದ ಕಡೆ ಕಲ್ಲುಚಪ್ಪಡಿಯ ಜಗಲಿ, ಹಿಂದಕ್ಕೆ ವಾಲಿದ ಒರಗು. ಉಳಿದ ಮನೆ ಅದರ ಸುತ್ತ ತಾನಾಗಿ ಬಂದು ಸೇರಿಕೊಂಡಿತು. ಮನೆ ಮೊದಲಿಗಿಂತ ಚಿಕ್ಕದಾಯಿತು. ಬರೆಯುತ್ತ ಹೋದಂತೆ, ಇಷ್ಟು ದಿನ ಎಲ್ಲಿಂದಲೋ ಬರಲೆಂದು ಕಾಯುತ್ತಿದ್ದ ಸ್ಫೂರ್ತಿ ಎಂಬ ಮಾತೇ ಅವಳಿಗೆ ಸ್ವಲ್ಪ ದೊಡ್ಡದೆನಿಸಿತು. ಒಬ್ಬರ ಪಕ್ಕದಲ್ಲಿ ಒಂದಷ್ಟು ಹೊತ್ತು ಸುಮ್ಮನೆ ಕೂತದ್ದು, ಅಷ್ಟೇ ತಾನೇ ಅವಳು ಮಾಡಿದ್ದು?

ಹಾಳೆ ನೋಡಿದ ಕೃಷ್ಣಪ್ಪ, "ಡೈನಿಂಗ್ ಹಾಲ್ ಎಲ್ಲೋಯ್ತು ಮೇಡಂ?" ಎಂದರು.

ಶ್ರೀಜಾ ಬಾಯಿ ತೆರೆಯುವ ಮೊದಲೇ ಸುಮಿತ್ರಮ್ಮ ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. "ಇರಾ ಇಬ್ರಿಗೆ ಯಾಕ್ರೀ ಅಷ್ಟುದ್ದ ಹಾಲು? ಅಡುಗೆಮನೇಲೇ ಕುಂತು ಉಂಬಾನ." ಆಮೇಲೆ ಬೆರಳು ನಿಧಾನವಾಗಿ ಜಗಲಿಯ ಗೆರೆಯ ಮೇಲೆ ಹರಿಯಿತು. "ಇದಿನ್ನೂ ಒಂದು ಗೇಣು ಅಗಲ ಮಾಡಮ್ಮ. ಇವ್ರಿಗೆ ಕಾಲು ಉದ್ದ."

ಕೃಷ್ಣಪ್ಪ ಹೆಂಡತಿಯ ಮುಖವನ್ನೇ ನೋಡಿದರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಡೈನಿಂಗ್ ಹಾಲಿನ ಮಾತು ಅಲ್ಲಿಗೇ ಮುಗಿಯಿತು.

ಶ್ರಾವಣದಲ್ಲಿ ಗುದ್ದಲಿ ಪೂಜೆಯಾಯಿತು. ಮಾರನೆಯ ಬೆಳಿಗ್ಗೆ ಶ್ರೀಜಾ ಹೋಗುವಷ್ಟರಲ್ಲಿ ಮೇಸ್ತ್ರಿ ಹುಚ್ಚಣ್ಣ ದಾರ ಕಟ್ಟಿ, ಸುಣ್ಣದ ಪುಡಿ ಸುರಿದು, ಇಡೀ ಮನೆಯನ್ನು ನೆಲದ ಮೇಲೆ ಬರೆದು ಮುಗಿಸಿದ್ದ. ಕೆಂಪು ಮಣ್ಣಿನ ಮೇಲೆ ಬಿಳಿಯ ಗೆರೆಗಳು, ಬಾಗಿಲು ಬರುವ ಕಡೆಯೆಲ್ಲ ಖಾಲಿ. ಸುಮಿತ್ರಮ್ಮ ಒಳಗೆ ಓಡಾಡುತ್ತಿದ್ದರು. ಅಡುಗೆಮನೆಯಾಗುವಲ್ಲಿ ನಿಂತು ಇಲ್ಲದ ಕಿಟಕಿಯಿಂದ ಆಚೆ ನೋಡಿದರು.

ರಸ್ತೆಯ ಬದಿಯಿಂದ ಕೃಷ್ಣಪ್ಪ ಕಾಫಿಯ ಫ್ಲಾಸ್ಕ್ ಹಿಡಿದು ಬಂದವರು, ಹಾಲ್‌ನ ಗೋಡೆ ಬರುವ ಗೆರೆಯನ್ನು ದಾಟಿ ನೇರ ಹೆಂಡತಿಯ ಕಡೆ ನಡೆದರು.

"ರೀ, ಗೋಡೆ ಹಾದು ಬತ್ತೀರಲ್ಲ!" ಸುಮಿತ್ರಮ್ಮ ಅಲ್ಲಿಂದಲೇ ಗದರಿದರು. "ಬಾಗ್ಲು ಆ ಕಡೆ ಐತೆ. ಚಪ್ಲಿ ಹೊರಗೆ ಬಿಟ್ಟು ಬನ್ನಿ."

ಹುಚ್ಚಣ್ಣ ದಾರ ಸುತ್ತುತ್ತ ನಕ್ಕ. ಕೃಷ್ಣಪ್ಪ ನಗಲಿಲ್ಲ. ಬಂದ ಹೆಜ್ಜೆಯಲ್ಲೇ ಹಿಂದಿರುಗಿ, ಸುತ್ತಿಕೊಂಡು ಹೋಗಿ, ಗೆರೆಗಳ ನಡುವೆ ಖಾಲಿ ಬಿಟ್ಟಿದ್ದ ಜಾಗದ ಮುಂದೆ ನಿಂತರು. ಚಪ್ಪಲಿ ಕಳಚಿ ಪಕ್ಕಕ್ಕೆ ಜೋಡಿಸಿಟ್ಟು, ಬರಿಗಾಲಲ್ಲಿ ಒಳಗೆ ಬಂದರು. ತಾನೂ ಗೆರೆ ದಾಟಲೆಂದು ಎತ್ತಿದ್ದ ಕಾಲನ್ನು ಶ್ರೀಜಾ ಹಿಂದಕ್ಕೆ ಇಟ್ಟುಕೊಂಡಳು.