ಮೂರನೆಯ ಸ್ಥಾನ

“ಹದಿನಾಲ್ಕು,” ಎಂದ ಸಿದ್ದಲಿಂಗಸ್ವಾಮಿ.

ಅದು ಯಾವುದರ ಲೆಕ್ಕ ಎಂದು ವಾಗೀಶನಿಗೆ ತಕ್ಷಣ ಹೊಳೆಯಲಿಲ್ಲ. ಕೇಬಲ್ ಚಾನೆಲ್ಲಿನ ಆ ಕೋಣೆಯಲ್ಲಿ ಏಸಿಯ ತಣ್ಣನೆಯ ಗಾಳಿ ನೇರವಾಗಿ ಅವನ ಕತ್ತಿಗೆ ಬಡಿಯುತ್ತಿತ್ತು. ಕುರ್ಚಿಯನ್ನು ಸ್ವಲ್ಪ ಸರಿಸಿಕೊಳ್ಳಬಹುದಿತ್ತು. ಸರಿಸಿಕೊಳ್ಳಲಿಲ್ಲ.

“ನಿಮ್ಮ ತಂದೆಯವರದು ಸಾರ್. ಇಪ್ಪತ್ತು ಜನರಲ್ಲಿ ಹದಿನಾಲ್ಕನೇದು.”

ಒಂದು ತಿಂಗಳಿಂದ ಸಿದ್ದಲಿಂಗಸ್ವಾಮಿಯ ಚಾನೆಲ್ಲು ಊರಿಗೆಲ್ಲ ಒಂದೇ ಪ್ರಶ್ನೆ ಕೇಳುತ್ತಿತ್ತು: ಮೈಸೂರಿನ ಸಂಗೀತ ಸಂಯೋಜಕರಲ್ಲಿ ನಿಮ್ಮ ಮೆಚ್ಚಿನವರು ಯಾರು? ಕೃತಿಗಳನ್ನು ರಚಿಸಿದವರು, ಸಿನಿಮಾ ಹಾಡಿಗೆ ರಾಗ ಹಾಕಿದವರು, ಎಲ್ಲರೂ ಒಂದೇ ಸಾಲಿನಲ್ಲಿ. ಒಂದು ಎಸ್ಸೆಮ್ಮೆಸ್ಸಿಗೆ ಒಂದು ಓಟು. ಇವತ್ತು ಸಂಜೆ ನಜರ್‌ಬಾದಿನ ಕಲ್ಯಾಣಮಂಟಪವೊಂದರಲ್ಲಿ ಫಲಿತಾಂಶ, ಸನ್ಮಾನ.

“ಜನ ಸಾರ್. ಜನಕ್ಕೇನು ಗೊತ್ತಾಗುತ್ತೆ?” ಎಂದ ಸಿದ್ದಲಿಂಗಸ್ವಾಮಿ. ಹಾಗೆನ್ನುವಾಗ ಅವನ ಮುಖದಲ್ಲಿ ಜನರ ಬಗ್ಗೆ ಅಪಾರ ಪ್ರೀತಿಯಿತ್ತು. “ಮೊದಲ ಮೂರು ಜನಕ್ಕೆ ಸ್ಟೇಜ್ ಮೇಲೆ ಶಾಲು ಹೊದಿಸ್ತೀವಿ. ಅಂಥ ಹಿರೀಕರು ಕೆಳಗೆ ಕೂತಿರೋದು ನಮಗೇ ಒಂಥರಾ. ಮೂರನೇದಕ್ಕೆ ಹಾಕ್ಬುಡ್ತೀನಿ. ನೀವು ಹೂಂ ಅನ್ನಿ, ಸಾಕು.”

“ಈಗ ಮೂರನೆಯದರಲ್ಲಿ ಇರೋರು?”

“ಅವರು ತೀರ್ಕೊಂಡಿದ್ದಾರೆ ಸಾರ್. ಏನೂ ಅಂದ್ಕೊಳ್ಳಲ್ಲ.”

ವಾಗೀಶ ನಗಬೇಕೆಂದುಕೊಂಡ. “ಮೊದಲನೆಯವರು?”

“ಇನ್ಯಾರು? ಶಿವಕಿರಣ್. ನಮ್ಮ ಕೆಸರೆ ಹುಡುಗ. ನಿಮ್ಮ ಮನೇಲೇ ಅಲ್ವೇ ಕಲಿತಿದ್ದು?”

ವಾಗೀಶ ಎದ್ದು ನಿಂತ. “ನಿಮಗೆ ಹೇಗೆ ಸರಿ ಕಾಣುತ್ತೋ ಹಾಗೆ ಮಾಡಿ,” ಎಂದ. ಹೂಂ ಎಂದಿರಲಿಲ್ಲ. ಮೆಟ್ಟಿಲಿಳಿಯುವಾಗ ಅದನ್ನು ತನಗೇ ಇನ್ನೊಮ್ಮೆ ಹೇಳಿಕೊಂಡ.

ಸ್ಕೂಟರು ಸಿದ್ಧಾರ್ಥನಗರದ ಕಡೆ ಹೊರಟಿತು. ಸಿಗ್ನಲ್ಲಿನಲ್ಲಿ ಪಕ್ಕದ ಆಟೋದಿಂದ ಶಿವಕಿರಣನ ಹಾಡೇ ಕೇಳಿಸಿತು. ಬಸ್ಸು ತಪ್ಪಿಸಿಕೊಂಡ ಹುಡುಗಿಯ ಮೇಲಿನ ಹಾಡು. ಆ ವರ್ಷ ಮದುವೆಯ ಬ್ಯಾಂಡಿನವರೂ ಅದನ್ನೇ ಬಾರಿಸುತ್ತಿದ್ದರು. ವಾಗೀಶ ಅದನ್ನು ಪೂರ್ತಿಯಾಗಿ ಎಂದೂ ಕೇಳಿರಲಿಲ್ಲ. ಪೂರ್ತಿಯಾಗಿ ಕೇಳಿಲ್ಲ ಎನ್ನುವುದನ್ನು ಮಾತ್ರ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹಲವು ಸಲ ಹೇಳಿದ್ದ.

ಅವನು ಸಂಗೀತಶಾಸ್ತ್ರದ ಅಧ್ಯಾಪಕ. ತಂದೆ ಶಾಮಣ್ಣನವರ ಕೃತಿಗಳ ಮೇಲೆಯೇ ಡಾಕ್ಟರೇಟ್ ಮಾಡಿದ್ದ. ಅರಮನೆಯ ವಿದ್ವಾಂಸರ ಮನೆತನದವರು ಶಾಮಣ್ಣ. ಈಗ ಎಂಬತ್ತು ದಾಟಿತ್ತು, ಕಣ್ಣಿಗೆ ಪೊರೆ ಬಂದಿತ್ತು. ‘ಜನಪ್ರಿಯತೆಗೆ ಬೆನ್ನು ತಿರುಗಿಸಿ ಕುಳಿತ ನಾದಯೋಗಿ’ ಎಂದು ಪ್ರಬಂಧದ ಕೊನೆಯ ಅಧ್ಯಾಯದಲ್ಲಿ ವಾಗೀಶ ಬರೆದಿದ್ದ. ಆ ವಾಕ್ಯ ಅವನಿಗೆ ತುಂಬ ಹಿಡಿಸಿತ್ತು. ಅಪ್ಪನಿಗೆ ಮೊದಲ ಸ್ಥಾನ ಬಂದಿದ್ದರೆ ಆ ವಾಕ್ಯ ಕೆಡುತ್ತಿತ್ತು. ಇಪ್ಪತ್ತನೆಯದು ಬಂದಿದ್ದರೆ ಉಳಿಯುತ್ತಿತ್ತು, ಇನ್ನೂ ಮೆರೆಯುತ್ತಿತ್ತು. ಹದಿನಾಲ್ಕು ಅಂದರೆ ಏನು? ಅದು ಮೆಚ್ಚುಗೆಯಲ್ಲ, ತಿರಸ್ಕಾರವೂ ಅಲ್ಲ. ಊರು ಅಪ್ಪನನ್ನು ಸುಮ್ಮನೆ ಒಮ್ಮೆ ನೋಡಿ ಮುಂದೆ ಹೋಗಿತ್ತು.

ತಾನೂ ಒಂದು ಓಟು ಹಾಕಿರಲಿಲ್ಲ ಎಂಬುದು ನೆನಪಾಯಿತು. ಹಾಕುವುದು ಅಪ್ಪನಿಗೆ ಅವಮಾನ ಎಂದುಕೊಂಡಿದ್ದ. ಹಾಗೆಂದು ಅಪ್ಪ ಯಾವತ್ತಾದರೂ ಹೇಳಿದ್ದರೇ? ಎಷ್ಟು ತಡಕಿದರೂ ಅಂಥ ಒಂದು ಮಾತು ಸಿಗಲಿಲ್ಲ. ಹಿಂದಿನಿಂದ ಯಾರೋ ಹಾರ್ನ್ ಹೊಡೆದರು. ಸಿಗ್ನಲ್ ಹಸಿರಾಗಿ ಎಷ್ಟು ಹೊತ್ತಾಗಿತ್ತೋ.

ಮನೆಯ ಹಿತ್ತಲಲ್ಲಿ ಶಾಮಣ್ಣ ಮುಖಕ್ಕೆ ಸೋಪು ಹಚ್ಚಿಕೊಂಡು ಕೂತಿದ್ದರು. ಕನ್ನಡಿ ಇರಲಿಲ್ಲ; ಬೆರಳಲ್ಲಿ ಕೆನ್ನೆ ಮುಟ್ಟಿಮುಟ್ಟಿ ನೋಡಿಕೊಳ್ಳುತ್ತಿದ್ದರು. ಸಂಜೆಗೆ ಉಡಲು ಕೆಂಪಂಚಿನ ಪಂಚೆ ಹಗ್ಗದ ಮೇಲೆ ತೂಗುತ್ತಿತ್ತು. ವರ್ಷಗಳಿಂದ ಯಾವ ಸಭೆಗೂ ಹೋಗದಿದ್ದವರು ಇವತ್ತಿನದಕ್ಕೆ ಮಾತ್ರ ಒಂದೇ ಮಾತಿಗೆ ಒಪ್ಪಿದ್ದರು.

“ಬಂದ್ಯಾ? ಎಷ್ಟನೇದಂತೆ?” ಎಂದರು.

ಅಪ್ಪನನ್ನು ವಾಗೀಶ ಚಿಕ್ಕಂದಿನಿಂದ ಕರೆಯುತ್ತಿದ್ದುದು ಅಣ್ಣ ಎಂದೇ. “ಮೂರನೇದು ಅಣ್ಣ,” ಎಂದ. ಇಷ್ಟು ಸಲೀಸಾಗಿ ಬಾಯಿಗೆ ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ.

ರೇಜರು ಕೆನ್ನೆಯ ಮೇಲೆ ನಿಂತಿತು.

“ಮೂರಾ? ಸರಿಯಾಗಿ ಕೇಳ್ಕೊಂಡ್ಯಾ?”

“ಹೂಂ.”

“ಅಷ್ಟೊಂದು ಜನ ಹಾಕಿದ್ರಲ್ಲೋ. ನಮ್ಮ ರಮಾನೇ ದಿನಾ ಹಾಕೋಳು.”

ವಾಗೀಶ ಅಡುಗೆಮನೆಗೆ ಹೋದ. ಅವನ ಹೆಂಡತಿ ರಮಾಮಣಿ ಒಗ್ಗರಣೆ ಹಾಕುತ್ತಿದ್ದಳು.

“ನೀನು ಓಟು ಹಾಕ್ತಿದ್ದೆಯಂತೆ?”

“ಮಾವ ಹಾಕು ಅಂದ್ರು, ಹಾಕಿದೆ. ಕಾಫಿ ಆದ ತಕ್ಷಣ ಕೇಳೋರು, ಇವತ್ತಿಂದು ಆಯ್ತೇನಮ್ಮ ಅಂತ.”

“ನನಗೆ ಹೇಳ್ಲಿಲ್ಲ.”

“ನೀವು ಕೇಳ್ಲಿಲ್ಲ.”

ಸಾಸಿವೆ ಸಿಡಿಯಿತು. ಅವನು ಹಜಾರಕ್ಕೆ ಬಂದು ಕೂತ. ನಾದಯೋಗಿ ದಿನವೂ ಬೆಳಿಗ್ಗೆ ಸೊಸೆಯ ಕೈಲಿ ತನಗೇ ಓಟು ಹಾಕಿಸಿಕೊಳ್ಳುತ್ತಿದ್ದರು. ವಾಗೀಶನಿಗೆ ನಾಚಿಕೆಯಾಯಿತು. ನಾಚಿಕೆಯ ಅಡಿಯಲ್ಲಿ ಇನ್ನೇನೋ ಇತ್ತು, ಅದು ಖುಷಿಯನ್ನು ಹೋಲುತ್ತಿತ್ತು. ಇವರೂ ಅಷ್ಟೇ. ಇವರೂ ಎಲ್ಲರ ಹಾಗೆಯೇ. ಇಷ್ಟು ವರ್ಷ ತಾನೊಬ್ಬನೇ ಇವರ ಎತ್ತರವನ್ನು ಹೊತ್ತು ತಿರುಗಿದ್ದು.

ಮಧ್ಯಾಹ್ನ ಶಾಮಣ್ಣ ಸರಿಯಾಗಿ ಊಟ ಮಾಡಲಿಲ್ಲ. ಮೊಸರನ್ನ ಕಲಸುತ್ತಲೇ ಇದ್ದರು. “ಮೂರು ಅಂದ್ರೇನು ಕಮ್ಮಿಯಲ್ಲ,” ಎಂದರು ಕೊನೆಗೆ.

ಸಂಜೆ ಮೂವರೂ ಆಟೋದಲ್ಲಿ ಹೋದರು. ಕಲ್ಯಾಣಮಂಟಪ ಆಗಲೇ ತುಂಬಿತ್ತು. ವೇದಿಕೆಯ ಪಕ್ಕದಲ್ಲಿ ದೊಡ್ಡ ಪರದೆ ಕಟ್ಟಿದ್ದರು. ಕ್ಯಾಮೆರಾ ಹಿಡಿದವನೊಬ್ಬ ಜನರ ನಡುವೆ ಓಡಾಡುತ್ತ, ಯಾರು ಚೆನ್ನಾಗಿ ಕಂಡರೋ ಅವರನ್ನು ಪರದೆಯ ಮೇಲೆ ತೋರಿಸುತ್ತಿದ್ದ. ಸಿದ್ದಲಿಂಗಸ್ವಾಮಿ ದೂರದಿಂದಲೇ ವಾಗೀಶನಿಗೆ ಹೆಬ್ಬೆರಳು ಎತ್ತಿ ತೋರಿಸಿದ. ವಾಗೀಶ ಕನ್ನಡಕ ಒರೆಸಿಕೊಂಡ.

ಬಾಗಿಲ ಕಡೆ ಗಲಾಟೆಯಾಯಿತು. ಶಿವಕಿರಣ್ ಬಂದಿದ್ದ. ಜೊತೆಗೆ ಫೋಟೋ ತೆಗೆಸಿಕೊಳ್ಳಲು ನುಗ್ಗುತ್ತಿದ್ದವರನ್ನು ಬಿಡಿಸಿಕೊಂಡು ಅವನು ನೇರ ಮುಂದಿನ ಸಾಲಿಗೆ ಬಂದ. ಶಾಮಣ್ಣನವರ ಕಾಲಿಗೆ ಹಣೆ ಮುಟ್ಟಿಸಿದ.

“ಯಾರು?”

“ನಾನು ಮೇಷ್ಟ್ರೇ. ಕಿರಣ.”

ಶಾಮಣ್ಣ ಅವನ ಕೈ ಹಿಡಿದುಕೊಂಡರು. ಒಂದೊಂದೇ ಬೆರಳನ್ನು ಸವರಿದರು. “ವೀಣೆ ಮುಟ್ಟೋದೇ ಬಿಟ್ಬುಟ್ಟಿದೀಯ. ತುದಿ ಮೆತ್ತಗಾಗಿದೆ,” ಎಂದರು. “ಮನೆ ಕಡೇನೂ ಬರೋದು ಬಿಟ್ಟೆಯಲ್ಲೋ, ಯಾಕೆ?”

ಶಿವಕಿರಣ್ ವಾಗೀಶನ ಮುಖ ನೋಡಿದ. ಅವನ ಮೊದಲ ಸಿನಿಮಾ ಬಂದ ವರ್ಷ ಗೇಟಿನ ಹತ್ತಿರವೇ ನಿಲ್ಲಿಸಿ, ಅಣ್ಣನಿಗೆ ಇದೆಲ್ಲ ಹಿಡಿಸುವುದಿಲ್ಲ, ಇನ್ನು ಬರಬೇಡಿ ಎಂದಿದ್ದವನು ವಾಗೀಶ.

“ಕೆಲಸ ಮೇಷ್ಟ್ರೇ. ಪುರುಸೊತ್ತೇ ಆಗ್ಲಿಲ್ಲ,” ಎಂದ ಶಿವಕಿರಣ್.

ವಾಗೀಶ ವೇದಿಕೆಯ ಹೂವಿನ ಅಲಂಕಾರ ನೋಡುತ್ತಿದ್ದ. ಸೇವಂತಿಗೆ. ನಡುವೆ ಅಲ್ಲಲ್ಲಿ ಪ್ಲಾಸ್ಟಿಕ್ಕಿನದು.

ಮೊದಲು ಮೂರನೆಯ ಸ್ಥಾನವನ್ನು ಘೋಷಿಸಿದರು. ಶಾಮಣ್ಣನವರ ಹೆಸರು ಮೈಕಿನಲ್ಲಿ ಮೊಳಗಿತು. ಚಪ್ಪಾಳೆ ಬಿತ್ತು. ಶಾಮಣ್ಣ ತಾವೂ ಚಪ್ಪಾಳೆ ತಟ್ಟುತ್ತ ಕೂತೇ ಇದ್ದರು.

“ಏಳು ಅಣ್ಣ.”

“ಯಾಕೆ?”

“ಕರೆದಿದ್ದು ನಿನ್ನನ್ನೇ.”

“ನನ್ನದೂ ಇತ್ತೇನೋ ಇದರಲ್ಲಿ?”

ವಾಗೀಶ ಅಪ್ಪನ ತೋಳು ಹಿಡಿದಿದ್ದ. ಹಿಡಿತ ತಾನಾಗಿ ಸಡಿಲವಾಯಿತು.

“ಬೆಳಿಗ್ಗೆ ಹೇಳಿದೆನಲ್ಲ, ಮೂರು ಅಂತ.”

“ಅಯ್ಯೋ, ನಾನು ಕೇಳಿದ್ದು ಕಿರಣಂದು ಕಣೋ!” ಶಾಮಣ್ಣನವರ ಮುಖ ಒಮ್ಮೆಲೇ ಬೆಳಗಿತು. “ಹಾಗಾದ್ರೆ ಅವನು ಇನ್ನೂ ಮೇಲಿದಾನೇನು?”

ಸಂಘಟಕರಿಬ್ಬರು ಬಂದು ಅವರನ್ನು ಕರೆದುಕೊಂಡು ಹೋದರು. ವಾಗೀಶ ರಮಾಮಣಿಯ ಕಡೆ ತಿರುಗಿದ.

“ನಾನು ಹಾಕಿದ್ದೆಲ್ಲ ಕಿರಣನಿಗೇ,” ಎಂದಳು ಅವಳು. “ಮಾವನಿಗೆ ಟೀವೀಲಿ ಹೆಸರು ಓದೋಕಾಗಲ್ಲ. ಅವರದೂ ಇದೆ ಅಂತ ನೀವು ಹೇಳಿರ್ತೀರಿ ಅಂದ್ಕೊಂಡೆ.”

“ನೀನ್ಯಾಕೆ ಹೇಳ್ಲಿಲ್ಲ?”

“ಅವರ ವಿಷಯ ಎಲ್ಲ ನಿಮಗೇ ಅಲ್ವಾ ಗೊತ್ತಿರೋದು?”

ಅವಳ ದನಿಯಲ್ಲಿ ಕೊಂಕಿತ್ತೋ ಇಲ್ಲವೋ ತಿಳಿಯಲಿಲ್ಲ. ಎರಡನೆಯ ಸ್ಥಾನದವರೂ ಮೇಲೆ ಹೋದರು. ಹಾಗಾದರೆ ಸುಳ್ಳನ್ನು ಯಾರಿಗಾಗಿ ಒಪ್ಪಿಕೊಂಡದ್ದು? ಎದ್ದು ಹೋಗಬಹುದಿತ್ತು. ಮೇಲೆ ಹೋಗಿ ಹದಿನಾಲ್ಕು ಎಂದು ಹೇಳಿಬಿಡಬಹುದಿತ್ತು. ಪಕ್ಕದವರು, ನೀವು ವಿದ್ವಾಂಸರ ಮಗನಲ್ಲವೇ, ಪುಣ್ಯವಂತರು ಎಂದು ಕೈ ಕುಲುಕಿದರು. ಕೈ ಕೊಟ್ಟ.

ಶಿವಕಿರಣನ ಹೆಸರು ಬಂದಾಗ ಸಭೆ ಎದ್ದು ನಿಂತಿತು. ಮೇಲೆ ಶಾಮಣ್ಣ ಶಾಲು ಜಾರುತ್ತಿದ್ದರೂ ಲಕ್ಷ್ಯವಿಲ್ಲದೆ ತಮ್ಮ ಕುರ್ಚಿಯ ಕೈ ತಟ್ಟುತ್ತಿದ್ದರು. ಗುರುಗಳು ಎರಡು ಮಾತಾಡಬೇಕು ಎಂದು ಯಾರೋ ಅವರ ಮುಂದೆ ಮೈಕ್ ಹಿಡಿದರು.

“ಮಾತು ನನಗೆ ಬರೋದಿಲ್ಲ,” ಎಂದು ಗಂಟಲು ಸರಿಮಾಡಿಕೊಂಡರು. ತಮ್ಮದೊಂದು ಕೃತಿ ಹಾಡುತ್ತಾರೆಂದು ವಾಗೀಶ ಕಣ್ಣು ಮುಚ್ಚಿ ಕಾದ. ಯಾವ ಕೃತಿಯಾದರೂ ಅದರ ಸಾಹಿತ್ಯ ಅವನಿಗೆ ಬಾಯಿಪಾಠವಿತ್ತು.

ಅವರು ಹಾಡಿದ್ದು ಬಸ್ಸು ತಪ್ಪಿಸಿಕೊಂಡ ಹುಡುಗಿಯ ಹಾಡು.

ಮೊದಲ ಸಾಲಿಗೆ ಸಭೆ ದಂಗಾಯಿತು. ಎರಡನೆಯ ಸಾಲಿನಲ್ಲಿ ಮುದಿ ದನಿ ಎಲ್ಲೋ ಒಂದು ಕಡೆ ಸಣ್ಣಗೆ ಬಳುಕಿ, ಯಾರೂ ಎಣಿಸದ ಸ್ವರವೊಂದನ್ನು ಮುಟ್ಟಿ, ಮತ್ತೆ ಹುಡುಗಿಯ ಹತ್ತಿರ ಬಂತು. ಶಿವಕಿರಣ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. “ಚೆನ್ನಾಗಿ ಮಾಡಿದೀಯ ಕಣೋ ಇದನ್ನ,” ಎಂದರು ಶಾಮಣ್ಣ, ಹಾಡಿನ ನಡುವೆಯೇ. ಸಭೆ ಕೂಗಿತು. ಆಮೇಲೆ ಹಾಡನ್ನು ಜನರೇ ಎತ್ತಿಕೊಂಡರು. ರಮಾಮಣಿ ಹಾಡುತ್ತಿದ್ದಳು. ಸಿದ್ದಲಿಂಗಸ್ವಾಮಿ ಹಾಡುತ್ತಿದ್ದ. ಬಾಗಿಲಲ್ಲಿ ನಿಂತ ಪೊಲೀಸಿನವನ ತುಟಿಯೂ ಅಲುಗುತ್ತಿತ್ತು.

ವಾಗೀಶನಿಗೆ ಒಂದು ಪದವೂ ಗೊತ್ತಿರಲಿಲ್ಲ.

“ವಿದ್ವಾಂಸರ ಮಗ, ಇಲ್ಲೇ ಇದಾರೆ,” ಎಂದು ಯಾರೋ ಕೂಗಿದರು. ಕ್ಯಾಮೆರಾದವನು ಓಡಿಬಂದು ಅವನ ಮುಂದೆ ಮಂಡಿಯೂರಿದ. ಅಪ್ಪ ಪರದೆಯಿಂದ ಮಾಯವಾದರು. ಅಲ್ಲಿ ವಾಗೀಶ ಕಾಣಿಸಿಕೊಂಡ, ವೇದಿಕೆಗಿಂತ ದೊಡ್ಡವನಾಗಿ. ಅವನು ಬಾಯಿ ತೆರೆದ. ಹೆಂಡತಿಯ ತುಟಿಯನ್ನು ಓರೆಗಣ್ಣಿನಲ್ಲಿ ನೋಡುತ್ತ, ಅದು ಅಲುಗಿದಂತೆ ಅಲುಗಿಸಿದ. ಪ್ರತಿ ಪದಕ್ಕೂ ಸ್ವಲ್ಪ ತಡವಾಗುತ್ತಿತ್ತು. ಕ್ಯಾಮೆರಾ ಇನ್ನೂ ಹತ್ತಿರ ಬಂತು. ಕನ್ನಡಕ ಪರದೆಯ ಅಂಚು ದಾಟಿ ಹೋಯಿತು, ಮೂಗು ಹೋಯಿತು, ಬಾಯಿಯೊಂದೇ ಉಳಿಯಿತು. ಸಭೆಯೆಲ್ಲ ಹಾಡುತ್ತಿರುವಾಗ ಅದು ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಒಳಗೆ ಕತ್ತಲೆ ಕಾಣುತ್ತಿತ್ತು.