ವಿಭೂತಿ ಉದುರುವವರೆಗೆ

ಇಟ್ಟಮಡುವಿನ ಹೆಂಗಸರು ಈ ಸಂಗತಿಯನ್ನು ಹೇಳುವಾಗ ಮೊದಲು ನೀಲಗಂಗಮ್ಮನ ಮಹಡಿಯತ್ತ ಕೈ ತೋರಿಸುತ್ತಾರೆ. ರೈಫಲ್ ಕ್ಲಬ್ಬಿನಲ್ಲಿ ಹಾರಿಸಿದ ಗುಂಡುಗಳ ಖಾಲಿ ಹಿತ್ತಾಳೆ ಕೊಳವೆಗಳು, ಅಂದರೆ ಕೇಸುಗಳು, ಮತ್ತೆ ಮದ್ದು ತುಂಬಲು ಹದವಾಗುವುದು ಅಲ್ಲಿಯೇ. ಕ್ಲಬ್ಬಿನ ಬಂದೂಕುಗಳನ್ನು ರಿಪೇರಿ ಮಾಡುತ್ತಿದ್ದ ಗಂಡ ತೀರಿಕೊಂಡ ಮೇಲೆ ಆಕೆಗೆ ಉಳಿದ ಜೀವನೋಪಾಯ ಅದೊಂದೇ. ಹುಣಸೆಹುಳಿಯಲ್ಲಿ ತೊಳೆದು, ಮೂರು ನೀರು ಜಾಲಿಸಿ, ಹಳೆಯ ಪಂಚೆಯ ಮೇಲೆ ಎರಡು ಬಿಸಿಲು ಒಣಗಿಸುವಳು. ಆಮೇಲೆ ಗಂಡ ಕಲಿಸಿದ ಪರೀಕ್ಷೆ: ಪ್ರತಿ ಕೇಸಿನೊಳಗೆ ಚಿಟಿಕೆ ವಿಭೂತಿ ಹಾಕಿ ಮಗುಚುವುದು. ಸರ್ರನೆ ಉದುರಿದರೆ ಒಣಗಿದೆ. ಅಂಟಿದರೆ ಮತ್ತೆ ಬಿಸಿಲಿಗೆ. ಎಷ್ಟು ಊದಿದರೂ ತಳದಂಚಿನಲ್ಲಿ ಕೂದಲೆಳೆಯಷ್ಟು ಬಿಳುಪು ಉಳಿದೇ ಉಳಿಯುವುದು.

ಒಂದು ಬೆಳಿಗ್ಗೆ ಕ್ಲಬ್ಬಿನ ಸೆಕ್ರೆಟರಿ ಶಾಂತವೀರಪ್ಪ ಚಪ್ಪಲಿ ಬಿಡದೆ ಮಹಡಿ ಹತ್ತಿ ಬಂದ.

“ಏನಮ್ಮಾ, ಮ್ಯಾಚಲ್ಲಿ ನಮ್ ಮಾನ ಕಳೆದ್ಬಿಟ್ರಲ್ಲ! ಮೂರು ಗುಂಡು ಠುಸ್ ಅಂದ್ವು. ಬಿಚ್ಚಿ ನೋಡಿದ್ರೆ ಮದ್ದೆಲ್ಲ ಒದ್ದೆ.” ಮೂರು ಕೇಸುಗಳನ್ನು ಪಂಚೆಯ ಮೇಲೆ ಎಸೆದ. “ನಾಳೆಯಿಂದ ನೀವ್ ಬೇಡ. ಮೆಷಿನ್ ತರಿಸ್ತೀನಿ. ಅದೇನು ಪೂಜೆ ಸಾಮಾನು ಬೆಳಗಿದ ಹಾಗೆ ಬೆಳಗಲ್ಲ.”

ನೀಲಗಂಗಮ್ಮ ಒಂದೊಂದನ್ನೇ ಬಿಸಿಲಿಗೆ ಹಿಡಿದು ಒಳಗೆ ಇಣುಕಿದಳು. ಮೂರರಲ್ಲಿಯೂ ವಿಭೂತಿಯ ಬಿಳುಪಿನ ಸುಳಿವಿಲ್ಲ.

“ಇವು ನಾನು ಕೊಟ್ಟಿದ್ದಲ್ಲ.”

“ಮತ್ತೆ ಆಕಾಶದಿಂದ ಉದುರಿದ್ವಾ?”

“ಒಣಗೋಕ್ ಮುಂಚೆ ಪಂಚೆ ಮೇಲಿಂದ ಎತ್ಕೊಂಡಿರೋದು. ಸೋಮವಾರ ನಾನು ದೇವಸ್ಥಾನದಿಂದ ಬಂದಾಗ ಈ ಮೂಲೆ ಬರಿದಾಗಿತ್ತು.”

“ನನ್ನೇ ಕಳ್ಳ ಅಂತೀರಾ?”

ಪಕ್ಕದ ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದ ಅಮ್ಮಣ್ಣಿ ಕತ್ತು ಚಾಚಿದಳು. “ಅವತ್ತು ಎರಡೂ ಜೇಬು ಉಬ್ಬಿಸ್ಕೊಂಡು ಇಳಿದ್ರಲ್ಲ ಸಾರ್? ನಾನು ಕಡ್ಲೆಕಾಯಿ ಅಂದ್ಕೊಂಡಿದ್ದೆ!”

“ನೀನು ಸುಮ್ನಿರಮ್ಮ!” ಎಂದು ಶಾಂತವೀರಪ್ಪ ಗದರಿದ.

ನೀಲಗಂಗಮ್ಮ ವಿಭೂತಿಯ ಬಟ್ಟಲನ್ನು ಅವನ ಎದೆಮಟ್ಟಕ್ಕೆ ಎತ್ತಿ ಹಿಡಿದಳು. “ಇದನ್ನ ಮುಟ್ಟಿ ಹೇಳಿ, ನಾನೇ ಕೊಟ್ಟೆ ಅಂತ. ಈಗ್ಲೇ ಕೆಲಸ ಬಿಡ್ತೀನಿ.”

ಅವನ ಹಣೆಯ ಮೇಲೂ ಬೆಳಿಗ್ಗೆ ಹಚ್ಚಿದ ವಿಭೂತಿಯ ಮೂರು ಪಟ್ಟೆ ಇನ್ನೂ ಮಾಸಿರಲಿಲ್ಲ. ಮುಂದೆ ಬಂದ ಬೆರಳು ಬಟ್ಟಲಿನ ಅಂಚಿನಲ್ಲಿ ನಿಂತು ಹಿಂದಕ್ಕೆ ಸರಿಯಿತು.

“ಮ್ಯಾಚಿಗೆ ಕಮ್ಮಿ ಬಿದ್ದಿದ್ವು,” ಎಂದು ಗೊಣಗಿದ. “ಮುಂದಿನ ಚೀಲ ಯಾವತ್ತು ತರ್ಲಿ?”

“ನಾಳೆ ತನ್ನಿ. ಕೆಳಗೆ ಗೇಟ್ ಹತ್ರ ಇಟ್ಟು ಹೋಗಿ. ಮೆಟ್ಲು ಹತ್ಬೇಡಿ.”

ಅವನು ಇಳಿದು ಹೋದ ಮೇಲೆ ಆಕೆ ಪಂಚೆಯ ಮೇಲಿನ ಚಪ್ಪಲಿಯ ಗುರುತನ್ನು ಕೊಡವಿ, ಆ ಮೂರು ಕೇಸುಗಳನ್ನು ಹುಣಸೆನೀರಿಗೆ ಹಾಕಿದಳು.